ತಳಿವಿಜ್ಞಾನದ ದೃಶ್ಯೋಪನ್ಯಾಸಗಳು: ಒಂದು ವಿಮರ್ಶೆ

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಭಾಗಿಸಿದ ಪೂರ್ವದ ಆಲಂಕಾರಿಕರು ಶಾಸ್ತ್ರಕ್ಕೆ ಅಂಥ ವಿಭಾಗವನ್ನು ಹೇಳಲಿಲ್ಲ. ಶಾಸ್ತ್ರವು ಗುರುಮುಖದಿಂದ ಕೇಳಿ ಗ್ರಹಿಸತಕ್ಕದ್ದೆಂಬುದು ಅವರ ಕಾಲಕ್ಕೆ ಸಿದ್ಧವಾದ ಮಾತಾಗಿದ್ದಿತು. ಈಚಿನ ಇಪ್ಪತ್ತು ವರ್ಷಗಳಲ್ಲಿ ಈ ಸ್ಥಿತಿಯು ಬಹಳ ಮಟ್ಟಿಗೆ ವ್ಯತ್ಯಾಸವನ್ನು ಹೊಂದಿದೆ. ಅಂತರ್ಜಾಲದ ಮಾರ್ಗವಾಗಿ ಮನೆಮನೆಗೆ ಬರುತ್ತಿರುವ ವಿಡಿಯೊ ಪಾಠಗಳಲ್ಲಿ ಶಾಸ್ತ್ರವೂ ದೃಶ್ಯವಾಗಿದೆ. ಅವುಗಳಲ್ಲಿಯೂ ಜೀವಕೋಶಶಾಸ್ತ್ರ, ತಳಿವಿಜ್ಞಾನ ಎಂಬೆರಡರ ಪಾಠಗಳು ವಿಶೇಷವಾಗಿ ವಿಚಾರಾರ್ಹವಾದುವು. ಏಕೆಂದರೆ ಇವುಗಳ ವಿಷಯವು ಬರಿಗಣ್ಣಿಗೆ ಗೋಚರವಲ್ಲ. ಕಾಣದ ವಸ್ತುವನ್ನು ಕಾಣಿಸುತ್ತೇವೆಂದು ಹೊರಟ ಪಾಠವು ಏನನ್ನು ಕಾಣಿಸುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಪರೀಕ್ಷಿಸಬೇಕಾಗಿದೆ. ಈ ಪರೀಕ್ಷೆಯು ವಿಜ್ಞಾನಿಗಳಿಗೆ ಮಾತ್ರ ಸೇರಿದ್ದೆಂದು ಸಾಹಿತ್ಯದ ಅಧ್ಯಾಪಕರು ಸುಮ್ಮನಿರುವುದು ಯುಕ್ತವಲ್ಲ. ಈ ಪಾಠಗಳು ಎಡವುವ ಸ್ಥಳಗಳಲ್ಲಿ ಬಹುಭಾಗವು ಶಬ್ದಾರ್ಥವಿಚಾರಕ್ಕೆ ಸೇರಿದುದೆಂಬುದು ಮುಂದೆ ಸ್ಪಷ್ಟವಾಗುವುದು.

ವಿಮರ್ಶೆಗೆ ವಿಷಯವಾದ ಪಾಠಗಳು ಮೂರು ಬಗೆಯಾಗಿವೆ. ಮೊದಲನೆಯದು, ವಿಶ್ವವಿದ್ಯಾನಿಲಯದ ತರಗತಿಯಲ್ಲಿ ನಡೆದ ಉಪನ್ಯಾಸವನ್ನೇ ಚಿತ್ರೀಕರಿಸಿ ಲೋಕಕ್ಕೆ ಬಿಟ್ಟುಕೊಟ್ಟದ್ದು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯು ತನ್ನ ಪಾಠಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡುವುದಾಗಿ ೨೦೦೧ರಲ್ಲಿ ಸಾರಿತು. ೨೦೦೪ರಲ್ಲಿ ಎರಿಕ್ ಲ್ಯಾಂಡರ್, ರಾಬರ್ಟ್ ವೈನ್‌ಬರ್ಗ್ ಎಂಬಿಬ್ಬರು ಅಲ್ಲಿ ಹೇಳಿದ ಜೀವಶಾಸ್ತ್ರದ ಪಾಠಗಳು ಈ ಬಗೆಯಲ್ಲಿ ಪ್ರಸಿದ್ಧವಾದುವು. ಎರಡನೆಯದು, ದೂರದ ವಿದ್ಯಾರ್ಥಿಗಾಗಿಯೇ ರಚಿತವಾದ ಪಾಠಕ್ರಮ. ಭಾರತೀಯ ತಂತ್ರಜ್ಞಾನ ಸಂಸ್ಥೆಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ೨೦೦೩ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆ, ಕೇಂದ್ರ ಸರ್ಕಾರವು ೨೦೧೭ರಲ್ಲಿ ತೆರೆದ ‘ಸ್ವಯಂ’, ಶಾಲೆಗಳು ಮುಚ್ಚಿದ್ದ ೨೦೨೦ರಲ್ಲಿ ಚಂದನ ವಾಹಿನಿಯು ಬಿತ್ತರಿಸಿದ ‘ಸೇತುಬಂಧ’, ‘ಸಂವೇದ’ ಎಂಬ ಕನ್ನಡ ಪಾಠಗಳು ಇವುಗಳಿಗೆ ಉದಾಹರಣೆಗಳು. ಮೂರನೆಯದು, ಉಪನ್ಯಾಸಕನೇ ಇಲ್ಲದೆ ಯಂತ್ರದ ನೆರವಿನಿಂದ ಬರೆದ ಚಲಚ್ಚಿತ್ರ. ೨೦೦೬ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕಾಗಿ ರಚಿತವಾದ, ಜೀವಕೋಶದ ಒಳಬಾಳನ್ನು ತೋರುವ ಚಿತ್ರವು ಇವುಗಳಲ್ಲಿ ಮುಖ್ಯವಾದುದು. ಅದರ ತುಣುಕುಗಳನ್ನು ಅನೇಕ ಉಪನ್ಯಾಸಕರು ತಮ್ಮ ಪಾಠಗಳಲ್ಲಿ ಸೇರಿಸಿಕೊಂಡಿದ್ದಾರೆ.

ಪಾಠದ ಗುಣದೋಷಗಳನ್ನು ಅಧಿಕಾರಿಯನ್ನು ಬಿಟ್ಟು ನಿರ್ಣಯಿಸಲಾಗದು. ಈ ಪಾಠಗಳಿಗೆ ಅಧಿಕಾರಿ ಯಾರು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಕ್ಯಾತಗಾನಚೆರ್ಲು ಎಂಬ ಗ್ರಾಮವಿದೆ. ಹೆಸರಿನ ಕಡೆಯ ಭಾಗವೇ ತೆಲುಗಿನ ಛಾಯೆಯನ್ನು ತೋರುತ್ತದೆ. ಪಾವಗಡದ ಸೀಮೆಯು ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟಿರುವುದರಿಂದ, ಅಲ್ಲಿಯ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ಹತ್ತನೆಯ ತರಗತಿಯನ್ನು ದಾಟಿ ವಿಜ್ಞಾನವನ್ನು ಆರಿಸಿಕೊಂಡರೆ ಪಾಠವು ಬಹುಮಟ್ಟಿಗೆ ಇಂಗ್ಲಿಷಿಗೆ ತಿರುಗುತ್ತದೆ. ಆ ಇಂಗ್ಲಿಷಿನ ಪಾರಿಭಾಷಿಕ ಶಬ್ದಗಳೋ ಗ್ರೀಕ್ ಲ್ಯಾಟಿನ್‌ಗಳಿಂದ ಬಂದವು. ಕನ್ನಡದ ಪುಸ್ತಕದಲ್ಲಿ ಅವುಗಳಿಗೆ ಕೊಟ್ಟ ಪರ್ಯಾಯಗಳು ಸಂಸ್ಕೃತದಿಂದ ಬಂದವು. ಹೀಗೆ ಹದಿನಾರು ವರ್ಷದ ಒಬ್ಬ ಬಾಲಕಿಯು ‘ಜೀವಕೋಶ’ವೆಂಬ ಒಂದೇ ವಸ್ತುವನ್ನು ತಿಳಿಯಲು ನಾಲ್ಕಾರು ಭಾಷೆಗಳ ಹೊಸ್ತಿಲನ್ನು ದಾಟಬೇಕಾಗುತ್ತದೆ. ಕೈಯಲ್ಲಿರುವ ಸಣ್ಣ ಫೋನಿನಲ್ಲಿ ಬಾಸ್ಟನ್ನಿನ ಹತ್ತಿರದ ಪಂಡಿತನು ಮಾತಾಡುವುದನ್ನು ಅವಳು ನೋಡಬಲ್ಲಳೆಂಬುದು ನಿಜವಾಗಿಯೂ ಆಶ್ಚರ್ಯಕರವಾದ ವಿಷಯ. ಆದರೆ ಆ ಪಾಠದಿಂದ ಅವಳಿಗೆ ಜ್ಞಾನವು ದೊರೆಯಿತೆ, ದರ್ಶನಮಾತ್ರ ದೊರೆಯಿತೆ ಎಂಬುದೇ ಪ್ರಕೃತ ವಿಚಾರ.

ಮೊದಲು ಗುಣಗಳನ್ನು ಹೇಳುವುದು ನ್ಯಾಯ. ಜೀವಕೋಶವು ಎರಡಾಗಿ ಒಡೆಯುವ ಕ್ರಮವನ್ನು ಪುಸ್ತಕಗಳು ನಾಲ್ಕು ನಿಶ್ಚಲ ಚಿತ್ರಗಳಲ್ಲಿ ಬರೆದು ತೋರಿಸುತ್ತಿದ್ದುವು. ವಿದ್ಯಾರ್ಥಿಗಳು ಆ ನಾಲ್ಕು ಅವಸ್ಥೆಗಳ ಹೆಸರನ್ನು ಕಂಠಪಾಠ ಮಾಡಿ, ಅವು ನಾಲ್ಕು ಬೇರೆ ಬೇರೆ ವಸ್ತುಗಳೆಂಬಂತೆ ಭಾವಿಸುತ್ತಿದ್ದುದೂ ಉಂಟು. ಸೂಕ್ಷ್ಮದರ್ಶಕದ ಮೂಲಕ ಜೀವಂತ ಕೋಶವನ್ನೇ ಚಿತ್ರೀಕರಿಸಿದ ವಿಡಿಯೊ ಈ ಭ್ರಾಂತಿಯನ್ನು ಕ್ಷಣಮಾತ್ರದಲ್ಲಿ ನಿವಾರಿಸುತ್ತದೆ. ವರ್ಣತಂತುಗಳು ನಡುವೆ ಸಾಲುಗೊಳ್ಳುವುದು, ಜೋಡಿಯಾಗಿದ್ದ ಎಳೆಗಳು ಅಗಲಿ ಎರಡು ಧ್ರುವಗಳ ಕಡೆಗೆ ಸರಿಯುವುದು ಅವಿಚ್ಛಿನ್ನವಾದ ಒಂದೇ ಕ್ರಿಯೆಯೆಂಬುದು ಮಾತಿಲ್ಲದೆಯೇ ತಿಳಿಯುತ್ತದೆ. ಇದಲ್ಲದೆ ಪಾಠವನ್ನು ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಹತ್ತು ಸಲ ಕೇಳಬಹುದು, ಗುರುವು ಬೇಸರಗೊಳ್ಳುವುದಿಲ್ಲ. ಪ್ರಯೋಗಶಾಲೆಗೆ ಅನುಕೂಲವಿಲ್ಲದ ಊರಿನ ವಿದ್ಯಾರ್ಥಿಗೆ ಇದು ಅಲ್ಪವಾದ ಉಪಕಾರವಲ್ಲ.

ಆದರೆ ಮೂರನೆಯ ಬಗೆಯ ಚಿತ್ರಗಳನ್ನು ಇದೇ ಪಂಕ್ತಿಯಲ್ಲಿ ಕೂರಿಸಲಾಗದು. ವಸ್ತುವು ಇರುವಂತೆಯೇ ವರ್ಣಿಸುವುದು ಸ್ವಭಾವೋಕ್ತಿ; ಒಂದನ್ನು ಮತ್ತೊಂದೆಂಬಂತೆ ಸಂಭಾವಿಸುವುದು ಉತ್ಪ್ರೇಕ್ಷೆ. ಸೂಕ್ಷ್ಮದರ್ಶಕದ ಚಿತ್ರವು ಸ್ವಭಾವೋಕ್ತಿಗೆ ಹತ್ತಿರವಾದುದು. ಹಾರ್ವರ್ಡಿನ ಚಿತ್ರವಾದರೋ ಉತ್ಪ್ರೇಕ್ಷೆ. ಅದರಲ್ಲಿ ಕೈನೆಸಿನ್ ಎಂಬ ಪ್ರೋಟೀನು ಒಂದು ದೊಡ್ಡ ಹೊರೆಯನ್ನು ಹೊತ್ತು, ಎರಡು ಕಾಲುಳ್ಳ ಕೂಲಿಯಾಳಿನಂತೆ ಕೊಳವೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆದುಹೋಗುವ ದೃಶ್ಯವು ಲೋಕಪ್ರಸಿದ್ಧವಾಗಿದೆ. ಆ ಅಣುವು ಹೆಜ್ಜೆಯಿಡುವುದು ಸತ್ಯ; ಒಂದು ಹೆಜ್ಜೆಗೆ ಮೀಟರಿನ ನೂರು ಕೋಟಿಯ ಭಾಗಗಳಲ್ಲಿ ಎಂಟು ಭಾಗ, ಎಂದರೆ ಎಂಟು ನ್ಯಾನೊಮೀಟರು, ಮುಂದುವರಿಯುವುದೂ ಸತ್ಯ. ಆದರೆ ಸುತ್ತಲಿನ ನೀರಿನ ಅಣುಗಳು ಅದನ್ನು ಎಡೆಬಿಡದೆ ಎಲ್ಲ ಕಡೆಗಳಿಂದ ತಾಡಿಸುತ್ತಿರುತ್ತವೆ. ಅದರ ಕಾಲು ಮುಂದಿನ ನೆಲೆಯನ್ನು ಹುಡುಕುವುದು ಆ ತಾಡನದ ತೂಗಾಟದಲ್ಲಿಯೇ. ಕೋಶದ ಒಳಗಾದರೋ ಜಾತ್ರೆಯ ದಿನದ ತೇರುಬೀದಿಯಂತೆ ಕಿಕ್ಕಿರಿದಿದೆ. ಚಿತ್ರದಲ್ಲಿ ಈ ತಾಡನವಿಲ್ಲ, ಕಿಕ್ಕಿರಿತವಿಲ್ಲ; ಬಣ್ಣಗಳೂ ಚಿತ್ರಕಾರರು ಹಚ್ಚಿದವುಗಳೇ. ಎಲ್ಲವೂ ಉದ್ದೇಶಪೂರ್ವಕವಾಗಿ ನಡೆಯುವಂತೆ ತೋರುತ್ತದೆ.

ಕವಿಯು ಉತ್ಪ್ರೇಕ್ಷಿಸುವಾಗ ‘ಇವ’, ‘ಎಂಬಂತೆ’, ‘ಎನೆ’ ಮೊದಲಾದ ವಾಚಕಗಳನ್ನಿಡುತ್ತಾನೆ. ವಾಚಕವಿಲ್ಲದ ಗಮ್ಯೋತ್ಪ್ರೇಕ್ಷೆಯಲ್ಲಿಯೂ ಸಹೃದಯನು ಅದನ್ನು ಪ್ರಕರಣದಿಂದ ಊಹಿಸಿಕೊಳ್ಳುತ್ತಾನೆ. ವಿಡಿಯೊ ಪಾಠದ ವಿದ್ಯಾರ್ಥಿಗೆ ಆ ಊಹೆಗೆ ಆಧಾರವಿಲ್ಲ. ಒಂದೇ ಪಾಠದಲ್ಲಿ ಒಂದು ನಿಮಿಷ ನಿಜವಾದ ಕೋಶದ ಚಿತ್ರವೂ ಮರುನಿಮಿಷ ಕಲ್ಪಿತಚಿತ್ರವೂ ಬಂದರೆ, ಎರಡನ್ನೂ ಅವನು ಪ್ರತ್ಯಕ್ಷಪ್ರಮಾಣವೆಂದೇ ಎಣಿಸುವನು. ಕಲ್ಪಿತಚಿತ್ರವು ಬೇಡವೆಂದಲ್ಲ, ಅದು ಕಲ್ಪಿತವೆಂಬ ಒಂದು ಮಾತನ್ನು ಪಾಠ ಹೇಳುವವನು ಬಿಡಕೂಡದು.

ಇನ್ನು ಮೆಂಡೆಲನ ಪ್ರಕರಣವನ್ನು ತೆಗೆದುಕೊಳ್ಳಬಹುದು. ಈ ಮಠವಾಸಿಯು ೧೮೫೬ರಿಂದ ೧೮೬೩ರ ವರೆಗೆ ಬ್ರೂನ್ ಪಟ್ಟಣದ ಮಠದ ತೋಟದಲ್ಲಿ ಬಟಾಣಿಯ ಗಿಡಗಳ ಮೇಲೆ ಪ್ರಯೋಗಗಳನ್ನು ನಡೆಸಿದನು. ಸಾಮಾನ್ಯವಾದ ವಿಡಿಯೊ ಪಾಠವು ನಾಲ್ಕು ಮನೆಗಳ ಒಂದು ಚೌಕವನ್ನು ಬರೆದು, ಮೂರಕ್ಕೆ ಒಂದು ಎಂಬ ಪ್ರಮಾಣವನ್ನು ಹೇಳಿ, ಐದು ನಿಮಿಷಗಳಲ್ಲಿ ಪ್ರಕರಣವನ್ನು ಮುಗಿಸುತ್ತದೆ. ವಿದ್ಯಾರ್ಥಿಯು ಇದನ್ನು ವಿಧಿವಾಕ್ಯವೆಂದು ಗ್ರಹಿಸುತ್ತಾನೆ. ನಾಲ್ಕು ಬೀಜಗಳಿದ್ದರೆ ಒಂದು ಸುಕ್ಕಾಗಿರಲೇಬೇಕೆಂದು ತಿಳಿಯುತ್ತಾನೆ. ಮೆಂಡೆಲನು ಎಣಿಸಿದ್ದಾದರೋ ೭೩೨೪ ಬೀಜಗಳನ್ನು, ಅವುಗಳಲ್ಲಿ ದುಂಡನೆಯವು ೫೪೭೪, ಸುಕ್ಕಾದವು ೧೮೫೦, ಪ್ರಮಾಣವು ೨.೯೬ಕ್ಕೆ ಒಂದು. ಅಷ್ಟೇ ಅಲ್ಲ, ಒಂದು ಗಿಡದಲ್ಲಿ ದುಂಡನೆಯವು ೪೩ ಇದ್ದು ಸುಕ್ಕಾದವು ೨ ಮಾತ್ರ ದೊರೆತುವೆಂದೂ, ಇನ್ನೊಂದರಲ್ಲಿ ಕ್ರಮವಾಗಿ ೧೪, ೧೫ ದೊರೆತುವೆಂದೂ ಅವನೇ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ನಿಯಮವು ಸಮೂಹದಲ್ಲಿ ಕಾಣುತ್ತದೆಯೇ ಹೊರತು ವ್ಯಕ್ತಿಯಲ್ಲಿ ಕಾಣಬೇಕಾಗಿಲ್ಲವೆಂಬ ಮಹತ್ತಾದ ತತ್ತ್ವವು ಈ ನಾಲ್ಕು ಅಂಕಿಗಳಲ್ಲಿ ಅಡಗಿದೆ. ಚೌಕವನ್ನು ತೋರಿಸಿ ಅಂಕಿಗಳನ್ನು ಬಿಟ್ಟ ಪಾಠವು ಸೂತ್ರವನ್ನು ಕೊಟ್ಟು ಉದಾಹರಣೆಯನ್ನು ಕಸಿದುಕೊಂಡ ವ್ಯಾಕರಣದಂತಾಗುತ್ತದೆ.

ಮುಖ್ಯವಾದ ದೋಷವು ಪರಿಭಾಷೆಯ ವಿಷಯದಲ್ಲಿದೆ. ಶಬ್ದಗಳು ಯೌಗಿಕ, ರೂಢ, ಯೋಗರೂಢ ಎಂದು ಮೂರು ವಿಧವೆಂಬುದು ವಾಚಕರಿಗೆ ತಿಳಿದದ್ದೇ. ಶಾಸ್ತ್ರದ ಪಾರಿಭಾಷಿಕ ಶಬ್ದವು ಪಂಕಜದಂತೆ ಯೋಗರೂಢವಾದುದು. ಅವಯವಾರ್ಥವು ದಾರಿಯನ್ನು ತೋರುತ್ತದೆ, ರೂಢಿಯು ಎಲ್ಲೆಯನ್ನು ಹಾಕುತ್ತದೆ. ಈ ಎರಡನ್ನೂ ಬಿಡಿಸಿ ಹೇಳದಿದ್ದರೆ ಕೇಳುವವನು ಅವಯವಾರ್ಥದಲ್ಲಿಯೇ ನಿಂತುಬಿಡುತ್ತಾನೆ. ‘ವರ್ಣತಂತು’ವನ್ನು ನೋಡಿರಿ. ೧೮೮೮ರಲ್ಲಿ ವಾಲ್ಡೆಯರ್ ಎಂಬ ಜರ್ಮನ್ ಪಂಡಿತನು ಇಟ್ಟ ಮೂಲದ ಹೆಸರಿಗೆ ‘ಬಣ್ಣದ ಕಾಯ’ವೆಂದು ಅರ್ಥ, ಕೃತಕವಾದ ಬಣ್ಣವನ್ನು ಅದು ಬೇಗ ಹೀರಿಕೊಳ್ಳುವುದೇ ಈ ಹೆಸರಿಗೆ ಕಾರಣ. ತನ್ನದೆಂಬ ಬಣ್ಣ ಅದಕ್ಕಿಲ್ಲ. ಆದರೆ ಕನ್ನಡದ ಕಿವಿಗೆ ವರ್ಣವೆಂದರೆ ಬಣ್ಣವೂ ಹೌದು, ಅಕ್ಷರವೂ ಹೌದು, ಜಾತಿಭೇದದ ಹೆಸರೂ ಹೌದು. ಅದರ ಪಕ್ಕದಲ್ಲಿಯೇ ‘ವಂಶವಾಹಿ’ ಎಂಬ ಶಬ್ದವನ್ನಿಟ್ಟು ವಿವರಣೆಯಿಲ್ಲದೆ ಮುಂದೆ ಸಾಗಿದರೆ, ಕುಲದ ಹೆಮ್ಮೆಗೂ ಕೀಳರಿಮೆಗೂ ವಿಜ್ಞಾನವು ಮುದ್ರೆಯೊತ್ತಿತೆಂದು ಒಬ್ಬ ಬಾಲಕನು ತಿಳಿದರೆ ಅವನ ತಪ್ಪೇನು? ಹೆಸರಿನ ಕಾರಣವನ್ನು ಅರ್ಧ ನಿಮಿಷ ಹೇಳಿದ್ದರೆ ಈ ಅನರ್ಥವು ತಪ್ಪುತ್ತಿತ್ತು.

‘ಪ್ರಬಲ’, ‘ದುರ್ಬಲ’ ಎಂಬ ಜೋಡಿಯು ಇನ್ನೂ ಹೆಚ್ಚಾಗಿ ದಾರಿ ತಪ್ಪಿಸುತ್ತದೆ. ದುಂಡುತನವು ಪ್ರಬಲ, ಸುಕ್ಕು ದುರ್ಬಲ ಎಂದರೆ, ಒಂದು ಮತ್ತೊಂದನ್ನು ಹೊಡೆದು ಕೆಡವಿತೆಂದು ಕೇಳುವವನು ಭಾವಿಸುತ್ತಾನೆ. ಕೆಲವು ವಿಡಿಯೊಗಳು ಎರಡು ಗೊಂಬೆಗಳು ಕುಸ್ತಿಯಾಡುವಂತೆ ತೋರಿಸಿ ಈ ಭಾವನೆಯನ್ನು ಗಟ್ಟಿಮಾಡುತ್ತವೆ. ವಸ್ತುಸ್ಥಿತಿಯು ಬೇರೆ. ಬಟಾಣಿಯು ದುಂಡಗಾಗಲು ಪಿಷ್ಟವನ್ನು ಕವಲೊಡೆಯಿಸುವ ಒಂದು ಕಿಣ್ವವು ಬೇಕು. ಸುಕ್ಕಾದ ಬಟಾಣಿಯಲ್ಲಿ ಆ ಕಿಣ್ವದ ವಂಶವಾಹಿಯ ನಡುವೆ ಸುಮಾರು ೮೦೦ ಅಕ್ಷರಗಳ ಒಂದು ತುಣುಕು ಸೇರಿಕೊಂಡಿದೆಯೆಂಬುದು ೧೯೯೦ರಲ್ಲಿ ಇಂಗ್ಲೆಂಡಿನ ವಿದ್ವಾಂಸರಿಂದ ಗೊತ್ತಾಯಿತು. ಕಿಣ್ವವು ಕೆಟ್ಟುದರಿಂದ ಸಕ್ಕರೆಯು ಉಳಿದು, ಬೀಜವು ಹೆಚ್ಚು ನೀರನ್ನು ಹೀರಿ, ಒಣಗುವಾಗ ಸುಕ್ಕುಗಟ್ಟುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಂದ ಬಂದ ಒಂದೇ ಸರಿಯಾದ ಪ್ರತಿಯಿದ್ದರೂ ಸಾಕಷ್ಟು ಕಿಣ್ವವು ಹುಟ್ಟುವುದರಿಂದ ಬೀಜವು ದುಂಡಗಾಗುತ್ತದೆ. ಇಲ್ಲಿ ಜಗಳವೂ ಇಲ್ಲ, ಗೆಲುವೂ ಇಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಥ ಮಿಶ್ರಬೀಜದ ಪಿಷ್ಟದ ಕಣಗಳು ಎರಡರ ನಡುವಣ ರೂಪದಲ್ಲಿರುತ್ತವೆ. ‘ಪ್ರಕಟ’, ‘ಅಪ್ರಕಟ’ ಎಂದಿದ್ದರೆ ಶಬ್ದವು ಅರ್ಥಕ್ಕೆ ಹೆಚ್ಚು ಸಮೀಪವಾಗುತ್ತಿತ್ತು. ರೂಢಿಗೆ ಬಂದ ಶಬ್ದವನ್ನು ಈಗ ಕೀಳುವುದು ಕಷ್ಟವಾದರೂ, ಅದರ ಮಿತಿಯನ್ನು ಹೇಳುವುದು ಕಷ್ಟವಲ್ಲ.

ಈ ಬಟಾಣಿಯ ಕಥೆಯಲ್ಲಿ ಗ್ರಂಥಸಂಪಾದಕರಿಗೆ ಪರಿಚಿತವಾದ ಒಂದು ಸಂಗತಿಯಿರುವುದನ್ನು ವಾಚಕರು ಗಮನಿಸಿರಬಹುದು. ಮೂಲದ ನಡುವೆ ಹೊರಗಿನ ಭಾಗವು ಬಂದು ಸೇರಿಕೊಳ್ಳುವುದನ್ನು ಪ್ರಕ್ಷೇಪವೆನ್ನುತ್ತಾರಷ್ಟೆ. ವಾಸ್ತವವಾಗಿ ಅಣುಮಟ್ಟದ ತಳಿವಿಜ್ಞಾನವು ತನ್ನ ಪರಿಭಾಷೆಯ ಬಹುಭಾಗವನ್ನು ಗ್ರಂಥವಿದ್ಯೆಯಿಂದಲೇ ಕಡವಾಗಿ ತಂದಿದೆ. ಡಿಎನ್‌ಎಯಿಂದ ಆರ್‌ಎನ್‌ಎ ಆಗುವುದು ‘ಪ್ರತಿಲೇಖನ’. ಆರ್‌ಎನ್‌ಎಯಿಂದ ಪ್ರೋಟೀನು ಆಗುವುದು ‘ಅನುವಾದ’. ವಿಡಿಯೊ ಪಾಠಗಳು ಈ ಎರಡನ್ನೂ ಯಂತ್ರಗಳ ಚಿತ್ರದಿಂದ ತೋರಿಸುತ್ತವೆ. ಒಂದಕ್ಕೆ ಪ್ರತಿಲೇಖನವೆಂದೂ ಮತ್ತೊಂದಕ್ಕೆ ಅನುವಾದವೆಂದೂ ಏಕೆ ಹೆಸರೆಂಬುದನ್ನು ಅಪರೂಪವಾಗಿ ಹೇಳುತ್ತವೆ. ನಂದಿನಾಗರಿಯಲ್ಲಿರುವ ಸಂಸ್ಕೃತ ಗ್ರಂಥವನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಲಿಪಿಯು ಬದಲಾಗುತ್ತದೆ, ಭಾಷೆಯು ಬದಲಾಗುವುದಿಲ್ಲ. ಅದೇ ಗ್ರಂಥವನ್ನು ಕನ್ನಡಿಸಿದರೆ ಭಾಷೆಯೇ ಬದಲಾಗುತ್ತದೆ. ಮೊದಲನೆಯದು ಪ್ರತಿಲೇಖನಕ್ಕೆ ಸದೃಶ: ನಾಲ್ಕು ಅಕ್ಷರಗಳಲ್ಲಿ ಒಂದು ಮಾತ್ರ ವ್ಯತ್ಯಾಸವಾಗಿ ಅದೇ ಬರಹವು ಆರ್‌ಎನ್‌ಎಯಲ್ಲಿ ಉಳಿಯುತ್ತದೆ. ಎರಡನೆಯದು ಅನುವಾದಕ್ಕೆ ಸದೃಶ: ನಾಲ್ಕು ಅಕ್ಷರಗಳ ಬರಹವು ಇಪ್ಪತ್ತು ಅಮೈನೊ ಆಮ್ಲಗಳ ಬೇರೊಂದು ಭಾಷೆಗೆ ತಿರುಗುತ್ತದೆ. ಮೂರು ಮೂರು ಅಕ್ಷರಗಳಿಂದಾಗುವ ಪದಗಳು ೬೪. ಅವುಗಳಲ್ಲಿ ೬೧ ಪದಗಳು ಅಮೈನೊ ಆಮ್ಲಗಳನ್ನು ಹೇಳುತ್ತವೆ, ಉಳಿದ ೩ ಪದಗಳು ವಾಕ್ಯಾಂತ್ಯದ ವಿರಾಮಚಿಹ್ನೆಗಳು. ಈ ನಿಘಂಟನ್ನು ಬಿಡಿಸುವುದರಲ್ಲಿ ದುಡಿದ ಹರಗೋವಿಂದ ಖೊರಾನಾ ಅವರಿಗೆ ಇತರ ಇಬ್ಬರೊಡನೆ ೧೯೬೮ರಲ್ಲಿ ನೊಬೆಲ್ ಬಹುಮಾನವು ಸಂದಿತು. ಓಲೆಗರಿಯ ಬರಹದಲ್ಲಿ ಪದಗಳ ನಡುವೆ ಎಡೆಯಿಲ್ಲದಿರುವಂತೆ ಇಲ್ಲಿಯೂ ಎಡೆಯಿಲ್ಲ. ಒಂದಕ್ಷರವು ಲೋಪವಾದರೆ ಮುಂದಿನ ಪದಚ್ಛೇದವೆಲ್ಲ ತಪ್ಪುತ್ತದೆ. ಒಂದೇ ಸ್ಥಾನದಲ್ಲಿ ಬೇರೆ ಬೇರೆ ಪ್ರತಿಗಳಲ್ಲಿ ಕಾಣುವ ಪಾಠಾಂತರವೇ ಇಂಗ್ಲಿಷಿನವರು ‘ಅಲೀಲ್’ ಎನ್ನುವುದು. ‘ಕೋಶ’ವೆಂಬ ಶಬ್ದಕ್ಕೆ ಭಂಡಾರವೆಂದೂ ನಿಘಂಟೆಂದೂ ಅರ್ಥವಿರುವುದು ಇಲ್ಲಿ ಆಕಸ್ಮಿಕವಾಗಿ ಒದಗಿಬಂದ ಅನುಕೂಲ.

ಉಪಮಾನಕ್ಕೆ ಮೇರೆಯುಂಟೆಂಬುದನ್ನೂ ಮರೆಯಬಾರದು. ಸಂಪಾದಕನು ಪಾಠಾಂತರಗಳ ನಡುವೆ ಕವಿಯು ಬರೆದ ಮೂಲಪಾಠವನ್ನು ಅರಸುತ್ತಾನೆ. ಜೀವಿಯ ಬರಹಕ್ಕೆ ಕವಿಯಿಲ್ಲ, ಶುದ್ಧವಾದ ಮೂಲಪ್ರತಿಯೆಂಬುದೂ ಇಲ್ಲ. ಲಿಪಿಕಾರನ ಸ್ಖಲನದಂತೆ ತೋರುವ ವ್ಯತ್ಯಾಸವೇ ಒಮ್ಮೊಮ್ಮೆ ಹೊಸ ಸನ್ನಿವೇಶದಲ್ಲಿ ಜೀವಿಯನ್ನು ಉಳಿಸುತ್ತದೆ. ಸಾದೃಶ್ಯವನ್ನೂ ಅದರ ಭಂಗವನ್ನೂ ಜೊತೆಯಾಗಿ ಹೇಳುವುದೇ ಪಾಠವೆನ್ನಿಸಿಕೊಳ್ಳುವುದು. ಇದನ್ನು ಚಿತ್ರದಿಂದ ತೋರಿಸಲಾಗದು, ಮಾತಿನಿಂದಲೇ ಆಗಬೇಕು.

ದೃಷ್ಟಾಂತಗಳ ಆಯ್ಕೆಯಲ್ಲಿಯೂ ಒಂದು ಕೊರತೆಯಿದೆ. ದೃಷ್ಟಾಂತವು ಹೇಳುವವನಿಗೂ ಕೇಳುವವನಿಗೂ ಸಮಾನವಾಗಿ ತಿಳಿದಿರಬೇಕೆಂಬುದು ನೈಯಾಯಿಕರ ಮತ. ಪಾವಗಡದ ಸೀಮೆಯ ಹೊಲಗಳಲ್ಲಿ ಪ್ರಧಾನವಾಗಿ ಕಾಣುವುದು ಬಟಾಣಿಯಲ್ಲ, ಕಡಲೆಕಾಯಿ. ಅದರ ಹಳದಿ ಹೂವು ಬಾಡಿದ ಮೇಲೆ ಒಂದು ಕಡ್ಡಿಯು ನೆಲದೊಳಕ್ಕಿಳಿದು ಕಾಯಾಗುವುದನ್ನು ಅಲ್ಲಿಯ ಮಕ್ಕಳು ನಡೆಯಲು ಕಲಿತಂದಿನಿಂದ ನೋಡಿರುತ್ತಾರೆ. ಬಟಾಣಿಯಂತೆ ಅದೂ ಬಹುಮಟ್ಟಿಗೆ ಸ್ವಪರಾಗಸ್ಪರ್ಶದ ಗಿಡ. ಬಟಾಣಿಯ ವರ್ಣತಂತುಗಳು ೧೪, ಕಡಲೆಕಾಯಿಯವು ೪೦. ಇಪ್ಪತ್ತಿಪ್ಪತ್ತು ವರ್ಣತಂತುಗಳ ಎರಡು ಕಾಡುಜಾತಿಗಳು ದಕ್ಷಿಣ ಅಮೆರಿಕದಲ್ಲಿ ಕೂಡಿ ಈ ನಲವತ್ತಾದುವು. ಆ ಕಾಡುಜಾತಿಗಳ ಸಮಗ್ರ ಬರಹವು ೨೦೧೬ರಲ್ಲಿಯೂ ಬೆಳೆಯ ಕಡಲೆಕಾಯಿಯದು ೨೦೧೯ರಲ್ಲಿಯೂ ಓದಲ್ಪಟ್ಟುವು. ಈ ಒಂದು ಉದಾಹರಣೆಯನ್ನು ಸೇರಿಸಿದ ಪಾಠವು ಕ್ಯಾತಗಾನಚೆರ್ಲುವಿನ ವಿದ್ಯಾರ್ಥಿಗೆ ಶಾಸ್ತ್ರವನ್ನು ಅಂಗಳಕ್ಕೆ ತಂದಿಳಿಸುತ್ತಿತ್ತು. ಲೋಕಕ್ಕೆಲ್ಲ ಒಂದೇ ಆಗಿ ರಚಿತವಾದ ವಿಡಿಯೊದಿಂದ ಇದನ್ನು ನಿರೀಕ್ಷಿಸುವುದು ಸಾಧ್ಯವಿಲ್ಲ. ಸ್ಥಳದ ಅಧ್ಯಾಪಕನಿಂದ ನಿರೀಕ್ಷಿಸಬಹುದು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಉನ್ನತವಾದ ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿರುವಾಗ ಕನ್ನಡದ ಪರಿಭಾಷೆಯ ಚರ್ಚೆಯು ವ್ಯರ್ಥವಲ್ಲವೆ, ವಿದ್ಯಾರ್ಥಿಯು ಇಂಗ್ಲಿಷನ್ನೇ ಚೆನ್ನಾಗಿ ಕಲಿತರೆ ಸಾಲದೆ ಎಂದು. ಕಲಿಯಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಶಬ್ದವನ್ನು ಉಚ್ಚರಿಸಬಲ್ಲವನಿಗೆಲ್ಲ ಅರ್ಥವು ತಿಳಿದಿದೆಯೆಂದು ಹೇಳಲಾಗದು. ‘ಮೈಟಾಸಿಸ್’ ಎಂಬುದರಲ್ಲಿ ಎಳೆಯೆಂಬರ್ಥದ ಗ್ರೀಕ್ ಶಬ್ದವಿರುವುದು ಇಂಗ್ಲಿಷನ್ನು ಬಲ್ಲ ಅನೇಕರಿಗೂ ತಿಳಿಯದು. ತಿಳಿದ ಮಾತಿನಲ್ಲಿ ಒಮ್ಮೆ ಅರ್ಥವಾದುದನ್ನು ಬೇರೊಂದು ಭಾಷೆಯಲ್ಲಿ ಹೇಳುವುದು ಸುಲಭ. ಎಲ್ಲಿಯೂ ಅರ್ಥವಾಗದುದನ್ನು ಯಾವ ಭಾಷೆಯಲ್ಲಿ ಹೇಳಿದರೂ ಅದು ಗಿಳಿಪಾಠವೇ. ಎನ್‌ಪಿಟಿಇಎಲ್ ಯೋಜನೆಯವರು ಉಪನ್ಯಾಸಗಳ ಮಾತನ್ನು ಕನ್ನಡವೂ ಸೇರಿದ ಭಾರತೀಯ ಭಾಷೆಗಳಿಗೆ ತರುವ ಕೆಲಸವನ್ನು ಕೈಗೊಂಡಿರುವುದು ಶ್ಲಾಘ್ಯವಾದುದು. ಆದರೆ ಶಬ್ದಕ್ಕೆ ಶಬ್ದವನ್ನಿಟ್ಟ ಮಾತ್ರಕ್ಕೆ ವ್ಯಾಖ್ಯಾನವಾಗುವುದಿಲ್ಲ.

ಇಂಥ ಕೆಲಸವು ಕನ್ನಡಕ್ಕೆ ಹೊಸದೂ ಅಲ್ಲ. ತುಮಕೂರಿನ ಸೀಮೆಯದೇ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಧರಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ಮುಂದೆ ‘ಜೀವವಿಜ್ಞಾನ’ವೆಂಬ ಗ್ರಂಥವನ್ನು ಬರೆದರು. ಅವರು ಕಾಲೇಜಿನಲ್ಲಿ ಹೇಳುತ್ತಿದ್ದುದು ಭೌತವಿಜ್ಞಾನವನ್ನು. ಪರಿಷತ್ತಿಗಾಗಿ ಸಂಪಾದಿಸಿದ್ದು ಪಂಪಭಾರತವನ್ನು. ಹಳಗನ್ನಡದ ಪಾಠಶೋಧನೆಗೂ ಜೀವಿಗಳ ವಿಚಾರಕ್ಕೂ ಒಂದೇ ಕೈ ಸಾಕಾಗಿದ್ದ ಆ ಕಾಲವನ್ನು ನೆನೆದರೆ, ಸಾಹಿತ್ಯದವರೂ ವಿಜ್ಞಾನದವರೂ ಒಬ್ಬರ ಮುಖವನ್ನೊಬ್ಬರು ನೋಡದಿರುವ ಇಂದಿನ ಸ್ಥಿತಿಯು ಶೋಚನೀಯವೆನ್ನಿಸುತ್ತದೆ.

ಒಟ್ಟಿನಲ್ಲಿ ವಿಡಿಯೊ ಪಾಠವನ್ನು ತಿರಸ್ಕರಿಸುವುದೂ ಸಲ್ಲದು, ಅದೇ ಗುರುವೆಂದು ತಲೆಯ ಮೇಲೆ ಹೊರುವುದೂ ಸಲ್ಲದು. ಅದು ಮೂಲಗ್ರಂಥದ ಸ್ಥಾನದಲ್ಲಿರತಕ್ಕದ್ದು. ಅದಕ್ಕೆ ಟೀಕೆಯು ಬೇಕು. ಪಾಠದ ಯಾವ ದೃಶ್ಯವು ಪ್ರತ್ಯಕ್ಷ, ಯಾವುದು ಕಲ್ಪಿತ. ಯಾವ ಶಬ್ದಕ್ಕೆ ಏನರ್ಥ, ಏನಲ್ಲ. ಊರಿನ ಹೊಲದಲ್ಲಿ ಇದಕ್ಕೆ ಉದಾಹರಣೆ ಯಾವುದು ಎಂಬೀ ಮೂರನ್ನು ತಿಳಿಸುವ ಕಿರುಹೊತ್ತಗೆಗಳನ್ನು ಜೀವಶಾಸ್ತ್ರದ ಅಧ್ಯಾಪಕನೂ ಕನ್ನಡದ ಅಧ್ಯಾಪಕನೂ ಜೊತೆಯಲ್ಲಿ ಕುಳಿತು ಬರೆಯಬೇಕು. ವಿಡಿಯೊವನ್ನು ಮಧ್ಯದಲ್ಲಿ ನಿಲ್ಲಿಸಿ “ಇದು ಏಕೆ ಹೀಗೆ?” ಎಂದು ಕೇಳಿದ ವಿದ್ಯಾರ್ಥಿಗೆ ಉತ್ತರ ಕೊಡಲು ತೆರೆಯಿಂದಾಗದು, ಪಕ್ಕದಲ್ಲಿ ಕುಳಿತ ಮನುಷ್ಯನಿಂದ ಆಗುತ್ತದೆ.

ಮೆಂಡೆಲನು ತನ್ನ ಲೇಖನವನ್ನು ೧೮೬೫ರಲ್ಲಿ ಓದಿದ್ದು ಬ್ರೂನ್ ಪಟ್ಟಣದ ಒಂದು ವಿದ್ವತ್ಪರಿಷತ್ತಿನ ಎರಡು ಸಭೆಗಳಲ್ಲಿ. ೧೮೬೬ರಲ್ಲಿ ಅದು ಅಚ್ಚಾದದ್ದು ಆ ಪರಿಷತ್ತಿನ ಪತ್ರಿಕೆಯಲ್ಲಿ. ಸಭೆಯವರು ಕೇಳಿದರು, ಪುಸ್ತಕಭಂಡಾರಗಳಿಗೆ ಪ್ರತಿಗಳು ಹೋದುವು; ಆದರೂ ೧೯೦೦ರಲ್ಲಿ ಮೂವರು ವಿದ್ವಾಂಸರು ಅದರ ಬೆಲೆಯನ್ನು ತಿಳಿದು ಎತ್ತಿ ಹೇಳುವ ವರೆಗೆ, ಮೂವತ್ತನಾಲ್ಕು ವರ್ಷಗಳ ಕಾಲ ಅದರ ಅರ್ಥವು ಲೋಕಕ್ಕೆ ಹೊಳೆಯಲಿಲ್ಲ. ಎದುರಿಗಿದ್ದುದು ಕಣ್ಣಿಗೆ ಬಿದ್ದ ಮಾತ್ರಕ್ಕೆ ತಿಳಿದಂತಾಗುವುದಿಲ್ಲವೆಂಬುದಕ್ಕೆ ಈ ಶಾಸ್ತ್ರದ ಚರಿತ್ರೆಯೇ ಸಾಕ್ಷಿ.